ಬೆಲೆಯಲ್ಲಿ ಸೇರದ ಹೂಳು

ಕಾಡು ಹಾಳಾಗಲು ಮರಗಳ್ಳರು ಕಾರಣ, ನದಿ ಕೆಡಲು ಖಾಸಗಿ ಕಾರ್ಖಾನೆಗಳ ದುರಾಸೆ ಕಾರಣ ಎಂಬುದು ಸಾಮಾನ್ಯ ನಂಬಿಕೆ. ಆದರೆ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಗಣಿ ನಡೆಸಿದ್ದು ಕೇಂದ್ರ ಸರ್ಕಾರದ್ದೇ ಕಂಪನಿ. ಆದರೂ ಭದ್ರಾ ನದಿಗೆ ಹೂಳು ತಪ್ಪಲಿಲ್ಲ. ಏಕೆ?

ಉತ್ತರಕ್ಕಾಗಿ ತೈಲದ ಪೇಟೆಯನ್ನು ನೋಡಬೇಕು. 1973ರಲ್ಲಿ ಕಚ್ಚಾ ತೈಲದ ಬೆಲೆ ಒಮ್ಮೆಲೇ ಏರಿತು. ಇರಾನಿನ ಬೊಕ್ಕಸ ತುಂಬಿತು. ಭಾರತಕ್ಕೆ ವಿದೇಶಿ ವಿನಿಮಯದ ಕೊರತೆ ಬಿಗಿಯಾಯಿತು. ಉಕ್ಕಿನ ಕಾರ್ಖಾನೆಗಳನ್ನು ಕಟ್ಟಲು ಹೊರಟಿದ್ದ ಇರಾನಿನ ದೊರೆ ಷಾ ಅವರ ಸರ್ಕಾರ 1975ರಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು. ಇರಾನಿನಿಂದ 63 ಕೋಟಿ ಡಾಲರ್ ಸಾಲ, ಕುದುರೆಮುಖದಿಂದ ಅದಿರು. ಮರುವರ್ಷವೇ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಆಡಳಿತ ಉರುಳಿತು. ಸಾಲದ ಹಣ ಅರ್ಧದಲ್ಲೇ ನಿಂತಿತು, ಗಿರಾಕಿಯೂ ಇಲ್ಲವಾದ. ಆದರೆ ಅಷ್ಟರಲ್ಲಿ ಅಪಾರ ಬಂಡವಾಳ ಹೂಡಿಯಾಗಿತ್ತು. ಅದು ಮರಳಬೇಕಾದರೆ ಬೇರೆ ದೇಶಗಳಿಗಾದರೂ ಅದಿರು ಮಾರಲೇಬೇಕು, ಗುಡ್ಡ ಅಗೆಯಲೇಬೇಕು!

ಇಲ್ಲಿನ ಮ್ಯಾಗ್ನಟೈಟ್ ಅದಿರಿನಲ್ಲಿ ಕಬ್ಬಿಣ ಶೇ. 38ರಷ್ಟು ಮಾತ್ರ. ಅದನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಗುತ್ತಿತ್ತು. ಅಗೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತ್ಯಾಜ್ಯ. ಅದನ್ನು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬಿದರು.

ವರ್ಷಕ್ಕೆ 6,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಸೀಮೆಯಿದು. ಹುಲ್ಲು ಮತ್ತು ಶೋಲಾ ಕಾಡಿನ ಬೇರುಗಳು ಹಿಡಿದಿಟ್ಟ ಮಣ್ಣು, ಹೊದಿಕೆ ಕಿತ್ತೊಡನೆ ನೀರಿನೊಡನೆ ಭದ್ರೆಗೆ ಇಳಿಯಿತು. ಹೊಳೆಯ ಹಾದಿಯಲ್ಲಿ ಮುಂದೆ ಲಕ್ಕವಳ್ಳಿಯ ಜಲಾಶಯವಿದೆ. ಶಿವಮೊಗ್ಗ, ದಾವಣಗೆರೆಯ ಗದ್ದೆಗಳಿಗೆ ನೀರು ಅಲ್ಲಿಂದಲೇ.

ಅದಿರಿನ ಬೆಲೆ ಕಟ್ಟುವಾಗ ಡೀಸೆಲ್, ವಿದ್ಯುತ್, ಸಂಬಳ, ಬಡ್ಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸವೆದ ಗುಡ್ಡ, ಹೂಳು ತುಂಬಿದ ಹೊಳೆ ಬರುವುದಿಲ್ಲ. ಆ ಖರ್ಚು ಕೆಳಗಿನ ರೈತನ ಪಾಲಿಗೆ. ಮಾಲೀಕ ಸರ್ಕಾರವಾದರೂ ಈ ಲೆಕ್ಕದ ರೀತಿ ಬದಲಾಗಲಿಲ್ಲ. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. 1999ರಲ್ಲಿ ಗುತ್ತಿಗೆಯೂ ಮುಗಿಯಿತು. ಆಮೇಲೂ ತಾತ್ಕಾಲಿಕ ಅನುಮತಿಯ ಮೇಲೆ ಗಣಿ ನಡೆಯಿತು.

ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ನ್ಯಾಯಾಲಯದ ಮೆಟ್ಟಿಲೇರಿದರು. 2002ರ ಅಕ್ಟೋಬರಿನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಗಣಿಗಾರಿಕೆಗೆ 2005ರ ಅಂತ್ಯದ ಗಡುವು ವಿಧಿಸಿತು. ಗಣಿ ನಿಂತಿತು. ಅದನ್ನೇ ನಂಬಿದ್ದ ಕುಟುಂಬಗಳು ನೆಲೆ ಬದಲಿಸಿದವು, ಊರು ಬರಿದಾಯಿತು. ನಷ್ಟ ಅವರದೂ ಹೌದು.

ದೊಡ್ಡ ಯೋಜನೆಯೊಂದು ಬಂದಾಗ ಲಾಭವೆಷ್ಟು, ಉದ್ಯೋಗವೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಬೆಲೆಯಲ್ಲಿ ಸೇರದ ಖರ್ಚು ಯಾವುದು, ಅದನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳನ್ನೂ ಆಗಲೇ ಕೇಳಬೇಕು. ಗುಡ್ಡ ಕರಗಿದ ಮೇಲೆ ಕೇಳಿದರೆ, ತೀರ್ಪು ಬಂದೀತೇ ಹೊರತು ಮಣ್ಣು ಮರಳದು.