ಅಲಿಫ್ ಬಂದರೆ ಅಲೆಫ್ ದೂರವಿಲ್ಲ

ನಾವು ‘ಸಲಾಮ್’ ಎನ್ನುತ್ತೇವೆ. ಹೀಬ್ರೂ ಮಾತಾಡುವವರು ‘ಶಾಲೋಮ್’ ಎನ್ನುತ್ತಾರೆ. ಎರಡರ ಅರ್ಥವೂ ಶಾಂತಿಯೇ. ಇದು ಆಕಸ್ಮಿಕವಲ್ಲ. ಅರಬಿ, ಹೀಬ್ರೂ, ಅರಮಾಯಿಕ್ ಮೂರೂ ಸೆಮಿಟಿಕ್ ಎಂಬ ಒಂದೇ ಮನೆತನದ ಭಾಷೆಗಳು. ಕಳೆದ ರಜೆಯಿಂದ ನಾನು ಮೊಬೈಲಿನಲ್ಲಿ ಬೈಬಲ್ ಕಾಲದ ಹೀಬ್ರೂ ಕಲಿಯುತ್ತಿದ್ದೇನೆ. “ಕಾಮರ್ಸ್ ಓದುವ ಹುಡುಗಿಗೆ ಇದೇಕೆ? ಮಾರ್ಕ್ಸ್ ಬರುತ್ತದೆಯೇ?” ಎಂದು ಮನೆಯಲ್ಲೂ ಕ್ಲಾಸಿನಲ್ಲೂ ಕೇಳಿದವರಿದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ತೌರಾತ್, ಜಬೂರ್, ಇಂಜೀಲ್ ಎಂಬ ಹೆಸರುಗಳನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಇಂದು ಬೈಬಲ್ ಎಂದು ಕರೆಯುವ ಗ್ರಂಥ ಯಾವ ಭಾಷೆಯಲ್ಲಿ ಬರೆದದ್ದು? ಒಂದಲ್ಲ, ಮೂರು ಭಾಷೆಗಳಲ್ಲಿ. ಹಳೆಯ ಒಡಂಬಡಿಕೆಯ ಬಹುಪಾಲು ಹೀಬ್ರೂ. ಅದರಲ್ಲೇ ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಭಾಗಗಳು ಅರಮಾಯಿಕ್. ಹೊಸ ಒಡಂಬಡಿಕೆ ‘ಕೊಯಿನೆ’ ಎಂಬ ಹಳೆಯ ಗ್ರೀಕ್. ಅರಮಾಯಿಕ್‌ನ ಒಂದು ಕವಲಾದ ಸಿರಿಯಾಕ್ ನಮ್ಮ ಪಕ್ಕದ ಕೇರಳದ ಚರ್ಚುಗಳ ಪ್ರಾರ್ಥನೆಯಲ್ಲಿ ಇಂದಿಗೂ ಕೇಳಿಸುತ್ತದೆ.

ಉರ್ದು ಓದಲು ಬರುವವರಿಗೆ ಹೀಬ್ರೂ ಲಿಪಿಯ ಅರ್ಧ ಹೆದರಿಕೆ ಮೊದಲ ದಿನವೇ ಹೋಗುತ್ತದೆ. ಅದನ್ನೂ ಬಲದಿಂದ ಎಡಕ್ಕೇ ಬರೆಯುತ್ತಾರೆ. ಅಕ್ಷರಗಳು 22 ಮಾತ್ರ: ಅಲೆಫ್, ಬೆತ್, ಗಿಮೆಲ್, ದಾಲೆತ್... ನಮ್ಮ ಹಿರಿಯರು ಹೇಳುವ ‘ಅಬ್ಜದ್’ ಎಂದರೆ ಅಲಿಫ್, ಬೆ, ಜೀಮ್, ದಾಲ್. ಅದೇ ಸಾಲು! ಬಿಸ್ಮಿಲ್ಲಾಹ್‌ಗೆ 786 ಎಂದು ಕೂಡುವ ಲೆಕ್ಕವೂ ಎರಡೂ ಕಡೆ ಒಂದೇ ರೀತಿಯದು. ಅಲಿಫ್‌ಗೆ 1, ಯೇಗೆ 10, ಕಾಫ್‌ಗೆ 100. ಹೀಬ್ರೂವಿನ ಅಲೆಫ್, ಯೋದ್, ಕೋಫ್‌ಗಳಿಗೂ ಅಷ್ಟೇ. ಹೀಬ್ರೂ 400ಕ್ಕೆ ನಿಲ್ಲುತ್ತದೆ, 28 ಅಕ್ಷರಗಳಿರುವ ಅರಬಿ 1000ದವರೆಗೆ ಹೋಗುತ್ತದೆ. ಉರ್ದು ಪತ್ರಿಕೆಯಲ್ಲಿ ಜೇರ್-ಜಬರ್ ಹಾಕದಂತೆ ಯಹೂದಿಗಳ ತೋರಾ ಸುರುಳಿಯಲ್ಲೂ ಸ್ವರಚಿಹ್ನೆ ಇಲ್ಲ. ಆ ಚುಕ್ಕೆಗಳನ್ನು ಮಸೋರೆಟರು ಎಂಬ ವಿದ್ವಾಂಸರು ಎಷ್ಟೋ ಶತಮಾನಗಳ ನಂತರ ಪುಸ್ತಕಗಳಲ್ಲಿ ಸೇರಿಸಿದರು.

ಇನ್ನು ಪದಗಳು. ನಮ್ಮ ಲೆಡ್ಜರಿನಲ್ಲಿ ಒಂದು ಖಾತೆಯ ಹೆಸರಿನಡಿ ಹಲವು ನಮೂದುಗಳಿರುವಂತೆ, ಸೆಮಿಟಿಕ್ ಭಾಷೆಗಳಲ್ಲಿ ಮೂರು ವ್ಯಂಜನಗಳ ಒಂದು ಧಾತುವಿನಡಿ ಹಲವು ಪದಗಳಿರುತ್ತವೆ. ಕ-ತ-ಬ ಎಂಬ ಖಾತೆ ತೆರೆಯಿರಿ. ಅರಬಿಯ ಕಿತಾಬ್, ಕಾತಿಬ್, ಮಕ್ತಬ್ ಅದರಲ್ಲಿವೆ. ಹೀಬ್ರೂವಿನ ಕಾತಾವ್ (ಬರೆದನು), ಮಿಖ್ತಾವ್ (ಬರಹ) ಕೂಡ ಅದರಲ್ಲೇ ಇವೆ. ಧ್ವನಿ ಬದಲಾಗುವುದಕ್ಕೂ ನಿಯಮವಿದೆ. ‘ಮೂರು’ ಅರಬಿಯಲ್ಲಿ ಥಲಾಥ, ಹೀಬ್ರೂವಿನಲ್ಲಿ ಶಾಲೋಶ್, ಅರಮಾಯಿಕ್‌ನಲ್ಲಿ ತ್ಲಾತ್. ‘ಎಂಟು’ ಥಮಾನಿಯ, ಶ್ಮೋನೆ, ತ್ಮಾನ್ಯಾ. ಥ, ಶ, ತ ಎಂಬ ವರಸೆ ಹಿಡಿದರೆ ಹೊಸ ಪದವನ್ನೂ ಊಹಿಸಬಹುದು.

ಎಚ್ಚರ ಬೇಕಾದದ್ದೂ ಇಲ್ಲಿಯೇ. ಅರಬಿಯಲ್ಲಿ ‘ಲಹ್ಮ್’ ಎಂದರೆ ಮಾಂಸ. ಅದೇ ಧಾತುವಿನ ಹೀಬ್ರೂ ‘ಲೆಹೆಮ್’ ಎಂದರೆ ರೊಟ್ಟಿ. ಆದ್ದರಿಂದ ಬೆತ್ಲೆಹೇಮ್ ಹೀಬ್ರೂವಿನಲ್ಲಿ ರೊಟ್ಟಿಯ ಮನೆ, ಅರಬಿಯ ಕಿವಿಗೆ ಮಾಂಸದ ಮನೆ. ಬರೀ ಹೋಲಿಕೆ ನೋಡಿ ಅರ್ಥ ಹೇಳಹೊರಟರೆ ಹೀಗಾಗುತ್ತದೆ. “ಅವರ ಗ್ರಂಥದಲ್ಲಿ ನಿಜವಾಗಿ ಹೀಗಿದೆ” ಎಂದು ಒಂದೇ ಪದ ಹಿಡಿದು ಬರೆದ ಸಂದೇಶಗಳು ಎಲ್ಲ ಧರ್ಮಗಳ ಬಗ್ಗೆಯೂ ಮೊಬೈಲಿನಲ್ಲಿ ಓಡಾಡುತ್ತವೆ. ನಮ್ಮ ಗ್ರಂಥದ ಒಂದು ಪದವನ್ನು ಹಿಂದುಮುಂದು ನೋಡದೆ ಎತ್ತಿ ಆಡಿದರೆ ನಮಗೆ ನೋವಾಗುತ್ತದೆ. ಪಕ್ಕದ ಬೆಂಚಿನ ಕ್ರೈಸ್ತ ಗೆಳತಿಗೂ ಅಷ್ಟೇ ನೋವಾಗುತ್ತದೆ. ನಾನು ಹೀಬ್ರೂ ಕಲಿಯುವುದಕ್ಕೆ ಇದೇ ದೊಡ್ಡ ಕಾರಣ. ಕಲಿತಷ್ಟೂ ಇನ್ನೊಬ್ಬರ ಗ್ರಂಥದ ಬಗ್ಗೆ ಮಾತಾಡುವಾಗ ನಾಲಿಗೆ ಹಿಡಿತಕ್ಕೆ ಬರುತ್ತದೆ.

ಉರ್ದು ಬಾರದ ಗೆಳೆಯರು ಬೇಸರಪಡಬೇಕಿಲ್ಲ. ಗ್ರೀಕ್ ಕಲಿಯಲು ಕನ್ನಡ ವ್ಯಾಕರಣವೇ ಸಹಾಯಕ್ಕೆ ಬರುತ್ತದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ ನೆನಪಿದೆಯೇ? ಗ್ರೀಕ್‌ನಲ್ಲಿ ಲೊಗೋಸ್ ಎಂದರೆ ಮಾತು, ಲೊಗೂ ಎಂದರೆ ಮಾತಿನ, ಲೊಗೋ ಎಂದರೆ ಮಾತಿಗೆ, ಲೊಗೊನ್ ಎಂದರೆ ಮಾತನ್ನು. ಪ್ರತ್ಯಯವೇ ಕೆಲಸ ಹೇಳುವುದರಿಂದ ಪದಗಳನ್ನು ಹಿಂದೆ ಮುಂದೆ ಇಟ್ಟರೂ ಅರ್ಥ ಕೆಡದು, ಕನ್ನಡದಂತೆಯೇ.

ಕಲಿಯುವುದು ಎಲ್ಲಿ? ಯೂಟ್ಯೂಬಿನಲ್ಲಿ ‘ಅಲೆಫ್ ವಿತ್ ಬೆತ್’ ಎಂಬ ಉಚಿತ ಪಾಠಮಾಲೆ ಇದೆ. ಅದರಲ್ಲಿ ಶಿಕ್ಷಕಿ ಹೀಬ್ರೂವಿನಲ್ಲೇ ಮಾತಾಡುತ್ತಾ, ಚಿತ್ರ ಮತ್ತು ಅಭಿನಯದಿಂದಲೇ ಅರ್ಥ ತಿಳಿಸುತ್ತಾರೆ. ಇಂಗ್ಲಿಷ್ ಹೆದರಿಕೆ ಇರುವ ನಮ್ಮಂಥವರಿಗೆ ಇದು ವರ. ಗ್ರೀಕ್‌ಗೆ ‘ಆಲ್ಫಾ ವಿತ್ ಏಂಜೆಲಾ’ ಇದೆ. ‘ಸೆಫಾರಿಯಾ’ ಜಾಲತಾಣದಲ್ಲಿ ಹೀಬ್ರೂ ಮೂಲ ಮತ್ತು ಇಂಗ್ಲಿಷ್ ಅನುವಾದ ಅಕ್ಕಪಕ್ಕ ಸಿಗುತ್ತವೆ, ಹಣ ಕೊಡಬೇಕಿಲ್ಲ. ಶಾಸ್ತ್ರೀಯವಾಗಿ ಓದುವವರಿಗೆ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಂತಹ ಸಂಸ್ಥೆಗಳಿವೆ.

ಆನ್‌ಲೈನ್ ಪಾಠದ ತೊಂದರೆಯೆಂದರೆ ಹಾಜರಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಆದ್ದರಿಂದ ನಡುವೆ ಬಿಟ್ಟುಬಿಡುವುದು ಸುಲಭ. ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ. ದಿನಕ್ಕೆ 20 ನಿಮಿಷ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೇಳಿದ್ದನ್ನು ಗಟ್ಟಿಯಾಗಿ ಹೇಳಿ ಕೈಯಿಂದ ಬರೆಯುವುದು. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ: ಹೀಬ್ರೂ, ಅರಬಿ, ಉರ್ದು, ಕನ್ನಡ. ಹೋಲಿಕೆ ತಪ್ಪುವ ಪದಗಳ ಸುತ್ತ ಕೆಂಪು ಗೆರೆ ಹಾಕುತ್ತೇನೆ. ‘ಲೆಹೆಮ್’ ಆ ಪಟ್ಟಿಯಲ್ಲಿ ಮೊದಲನೆಯದು.

ದಿನಕ್ಕೆ ನಾಲ್ಕು ಅಕ್ಷರ ಕಲಿತರೆ 22 ಅಕ್ಷರಗಳಿಗೆ ಒಂದು ವಾರ ಸಾಕು. ವಾರ್ಷಿಕ ಪರೀಕ್ಷೆ ಮುಗಿದ ಮರುದಿನ ಶುರು ಮಾಡುವವರಿದ್ದರೆ ಹೇಳಿ, ನನ್ನ ನೋಟ್‌ಬುಕ್ ಕೊಡುತ್ತೇನೆ.