ಹಳೆಯ ಇಂಜಿನ್ ಸ್ಟಾರ್ಟ್ ಆಗದಿದ್ದರೆ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗೆ ಡೀಸೆಲ್ ಇಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಬಹುಮಂದಿ ನನ್ನಂತೆಯೇ ಹೊಲಮನೆಗಳಿಂದ ಬಂದವರು. ಅವರಲ್ಲಿ ಹಲವರ ಮನೆಯ ಹಿತ್ತಿಲಿನಲ್ಲಿ ಇಂಥದೊಂದು ಯಂತ್ರ ಗೋಣಿಚೀಲ ಹೊದ್ದು ಕುಳಿತಿರುತ್ತದೆ. ನೀರು ಬೇಕೇಬೇಕೆಂಬ ದಿನವೇ ಅದು ಮುನಿಸಿಕೊಳ್ಳುತ್ತದೆ. ಆದುದರಿಂದ ಈ ಲೇಖನ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದೊಡನೆ ಈಗ ಎಲ್ಲರಿಗೂ ನೆನಪಾಗುವುದು ಹೆಲಿಕಾಪ್ಟರ್ ಕಾರ್ಖಾನೆ. 615 ಎಕರೆಗಳಷ್ಟು ವಿಸ್ತಾರವಾದ ಅದರ ಉದ್ಘಾಟನೆ 2023ರ ಫೆಬ್ರವರಿ 6ರಂದು ನಡೆಯಿತು. ಆದರೆ ಅದೇ ವರ್ಷ ಆ ಸುತ್ತಿನ ನಮ್ಮಂಥ ರೈತರ ಚಿಂತೆ ಬೇರೆಯದಾಗಿತ್ತು. ಆಗಸ್ಟ್ ತಿಂಗಳು ಮಳೆಯಿಲ್ಲದೆ ಕಳೆಯಿತು. ರಾಗಿ ಹೊಡೆ ತುಂಬಿ ತೆನೆ ಹೊರಡುವ ಕಾಲ. ಜುಲೈ ಮಳೆಯ ನೀರು ಹೊಂಡದಲ್ಲಿ ಅರ್ಧದಷ್ಟಿತ್ತು. ಅದನ್ನು ಮೇಲೆತ್ತುವ ಸಾಧನವಿರಲಿಲ್ಲ.

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ಡೀಸೆಲ್ ಪಂಪಿಗೂ ಸಹಾಯಧನವಿತ್ತು. ಹಾಗೆ ಬಂದ ಯಂತ್ರಗಳು ಈಗ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ನಮ್ಮ ತಂದೆಯವರು ಸಾಲ ಮಾಡಿ ಅಂಥದೊಂದು 5 ಅಶ್ವಶಕ್ತಿಯ ಇಂಜಿನ್ ಕೊಂಡರು. ಹೊಸ ಹಸಿರು ಬಣ್ಣ ಬಳಿದಿದ್ದ ಅದು ಮದುವಣಗಿತ್ತಿಯಂತೆ ಲಗೇಜ್ ಆಟೋದಿಂದ ಇಳಿಯಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಪ್ಪನ ಹೆಗಲು ನೋವಾಯಿತೇ ಹೊರತು ಇಂಜಿನ್ ಸ್ಟಾರ್ಟ್ ಆಗಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ಒಬ್ಬರು, ಪಂಪು, ನಾಜಲ್ ಎರಡನ್ನೂ ಬದಲಿಸಬೇಕು, ಆರು ಸಾವಿರವಾದೀತು ಎಂದರು. ಆರು ಸಾವಿರ ನಮ್ಮಲ್ಲಿರಲಿಲ್ಲ. ಊರಿನಲ್ಲಿ ಹಿಂದೆ ಹಿಟ್ಟಿನ ಮಿಲ್ಲು ನಡೆಸಿದ್ದ ತಾತನೊಬ್ಬರನ್ನು ಕರೆತಂದೆವು. ಮುಂದೆ ನಾನು ಬರೆಯುವುದೆಲ್ಲ ಅವರಿಂದ ಕಲಿತದ್ದು. ಪುಸ್ತಕದಿಂದ ತಿಳಿದದ್ದು ಆಮೇಲೆ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಹಾಗೆ ಅದುಮಿದ ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ನಾಜಲ್ ಮಂಜಿನಂತೆ ಎಣ್ಣೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಎಣ್ಣೆ ತಲಪಬೇಕು, ಗಾಳಿ ಕಾಯಬೇಕು. ದೋಷ ಇವೆರಡರಲ್ಲಿ ಯಾವುದರಲ್ಲಿದೆ ಎಂಬುದನ್ನು ಹೊಗೆ ಕೊಳವೆಯೇ ಹೇಳುತ್ತದೆ. ಹ್ಯಾಂಡಲ್ ತಿರುಗಿಸುವಾಗ ಹೊಗೆಯೇ ಬಾರದಿದ್ದರೆ ಎಣ್ಣೆ ಒಳಗೆ ಹೋಗುತ್ತಿಲ್ಲ. ಬಿಳಿಯ ಹೊಗೆ ಬಂದರೆ ಎಣ್ಣೆ ಹೋಗುತ್ತಿದೆ, ಉರಿಯುತ್ತಿಲ್ಲ; ಆಗ ರಿಂಗು, ವಾಲ್ವುಗಳ ಕಡೆ ನೋಡಬೇಕು. ಸ್ಟಾರ್ಟ್ ಆದ ಮೇಲೆ ಕಪ್ಪು ಹೊಗೆ ಉಗುಳಿದರೆ ಗಾಳಿಯ ಫಿಲ್ಟರ್ ಕಟ್ಟಿರಬಹುದು, ಇಲ್ಲವೆ ಹೊರೆ ಹೆಚ್ಚಾಗಿರಬಹುದು.

ನಮ್ಮದರಲ್ಲಿ ಹೊಗೆಯ ಸುಳಿವೇ ಇರಲಿಲ್ಲ. “ಆಟೋದಾಗೆ ತರೋವಾಗ ಟ್ಯಾಂಕು ಖಾಲಿ ಮಾಡಿದ್ರೇನ್ಲಾ?” ಎಂದು ತಾತ ಅಪ್ಪನನ್ನು ಕೇಳಿದರು. ಮಾಡಿದ್ದೆವು. ಖಾಲಿಯಾದ ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತು. ನಾಜಲ್ ತೆರೆಯಬೇಕಾದರೆ ವಾಯುಮಂಡಲದ ಒತ್ತಡದ 150ರಿಂದ 200 ಪಟ್ಟು ಒತ್ತಡ ಬೇಕು. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪು ಎಷ್ಟು ನೂಕಿದರೂ ಆ ನೂಕು ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ.

ಗಾಳಿ ತೆಗೆಯುವ ಕೆಲಸ ಎಣ್ಣೆ ಹರಿಯುವ ದಾರಿಯಲ್ಲೇ ಸಾಗಬೇಕು. ಟ್ಯಾಂಕು ತುಂಬಿಸಿ ನಲ್ಲಿ ಬಿಟ್ಟು ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿದೆವು. ನೊರೆನೊರೆಯಾಗಿ ಬಂದ ಎಣ್ಣೆ, ಗುಳ್ಳೆಯಿಲ್ಲದೆ ಹರಿಯುವ ತನಕ ಕಾದು ಬಿಗಿದೆವು. ಅನಂತರ ಪಂಪಿನ ಸ್ಕ್ರೂ. ಕೊನೆಗೆ ನಾಜಲ್ಲಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ, ವಾಲ್ವನ್ನು ಎತ್ತಿ ಹಿಡಿಯುವ ಲಿವರ್ ಎತ್ತಿ, ಎಣ್ಣೆ ಚಿಮ್ಮುವವರೆಗೆ ಹ್ಯಾಂಡಲ್ ತಿರುಗಿಸಿದೆವು. ನಟ್ಟು ಬಿಗಿದು ಮತ್ತೆ ತಿರುಗಿಸಿದಾಗ ಒಳಗಿನಿಂದ ‘ಕಿರ್ರ್’ ಎಂಬ ಸದ್ದು ಬಂತು. ನಾಜಲ್ ಸಿಂಪಡಿಸುತ್ತಿದೆಯೆಂಬ ಗುರುತು ಅದು. ಲಿವರ್ ಬಿಟ್ಟೊಡನೆ ಇಂಜಿನ್ ಸ್ಟಾರ್ಟ್ ಆಯಿತು. ಇಲ್ಲಿ ಎರಡು ಎಚ್ಚರಿಕೆಗಳುಂಟು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಸುತ್ತಿ ಹಿಡಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಬೆರಳು ಮುರಿಯುತ್ತದೆ. ನಾಜಲ್ ಚಿಮ್ಮಿಸುವ ಎಣ್ಣೆಗೆ ಕೈಯೊಡ್ಡಬಾರದು. ಅದು ಚರ್ಮವನ್ನೇ ತೂರಿ ಒಳಹೋಗುತ್ತದೆ.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಕಾಲು ಗಂಟೆ ಓಡಿದ ಇಂಜಿನ್ ಏದುಸಿರು ಬಿಡುತ್ತಾ ನಿಂತುಹೋಯಿತು. ಎಣ್ಣೆ ಇದೆಯೇ ಎಂದು ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದೆವು, ಇತ್ತು. ಮುಚ್ಚಿ ತಿರುಗಿಸಿದರೆ ಮತ್ತೆ ಸ್ಟಾರ್ಟ್! ಮತ್ತೆ ಕಾಲು ಗಂಟೆ. ಯಂತ್ರ ಕಾದಿದೆ, ವಿಶ್ರಾಂತಿ ಬೇಕು ಎಂದು ಅಪ್ಪ ಹುಣಿಸೆಮರದಡಿ ಕುಳಿತರು. ಹಾಗೆ ಇಡೀ ಮಧ್ಯಾಹ್ನ ಕಳೆಯಿತು. ನಾಲ್ಕನೆಯ ಸಲ ನಿಂತಾಗ ತಾತ, “ಮುಚ್ಚಳ ತೆಗ್ದೇ ಓಡ್ಸು, ಮಗ” ಎಂದರು. ಒಂದು ಬಟ್ಟೆ ಮಾತ್ರ ಹೊದಿಸಿ ಓಡಿಸಿದೆವು. ಅದು ಕತ್ತಲಾಗುವವರೆಗೆ ನಿಲ್ಲಲಿಲ್ಲ.

ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ರಂಧ್ರವೊಂದಿರುತ್ತದೆ. ಎಣ್ಣೆ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕಷ್ಟೆ. ಬಾರದಿದ್ದರೆ ಒಳಗೆ ಒತ್ತಡ ಕುಸಿದು ಎಣ್ಣೆ ಕೆಳಗಿಳಿಯುವುದಿಲ್ಲ. ಮಾರಿದವರು ಬಳಿದಿದ್ದ ಹಸಿರು ಬಣ್ಣ ಆ ರಂಧ್ರವನ್ನು ಮುಚ್ಚಿತ್ತು. ಎಣ್ಣೆ ನೋಡಲೆಂದು ಮುಚ್ಚಳ ತೆಗೆದಾಗಲೆಲ್ಲ ನಾವೇ ಅರಿಯದೆ ರೋಗಕ್ಕೆ ಮದ್ದು ಮಾಡುತ್ತಿದ್ದೆವು. ಅವ್ವನ ಹೊಲಿಗೆ ಸೂಜಿಯಿಂದ ಬಣ್ಣ ಚುಚ್ಚಿ ತೆಗೆದೆ. ಆರು ಸಾವಿರದ ಪಂಪು ಅದರಲ್ಲಿ ಇಂದಿಗೂ ಬದಲಾಗಿಲ್ಲ.

ಟ್ಯಾಂಕಿನಲ್ಲಿ ಸೇರುವ ನೀರಿನ ವಿಷಯವನ್ನೂ ಹೇಳಬೇಕು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವ ಹನಿಗಟ್ಟಿ ತಳ ಸೇರುತ್ತದೆ. ಬೆಳಿಗ್ಗೆ ಇಂಜಿನ್ ಅಲುಗಿಸುವ ಮುನ್ನ ತಳದಿಂದ ಒಂದು ಲೋಟದಷ್ಟನ್ನು ಗಾಜಿನ ಸೀಸೆಗೆ ಬಿಟ್ಟು ನೋಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ವಿಮಾನ, ಹೆಲಿಕಾಪ್ಟರುಗಳಲ್ಲಿಯೂ ಹಾರುವ ಮುನ್ನ ಇಂಧನವನ್ನು ಹೀಗೆ ಪರೀಕ್ಷಿಸುವ ವಾಡಿಕೆಯಿದೆಯೆಂದು ಓದಿ ನನಗೆ ಹಿಗ್ಗಾಯಿತು. ಕೆಲಸ ಮುಗಿದ ಸಂಜೆಯೇ ಟ್ಯಾಂಕು ತುಂಬಿಸಿಟ್ಟರೆ ಈ ತೊಂದರೆ ಕಡಿಮೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಸಣ್ಣ ಇಂಜಿನ್ ಉಳ್ಳವರು ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲವಾದರೆ ಮರುದಿನ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ನಿಂತಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದ್ದು ಅದು ತೇವವನ್ನು ಹೀರುವುದರಿಂದ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು.

ಆ ವರ್ಷ ರಾಗಿಗೆ ಮೂರು ಸಲ ನೀರು ಕೊಟ್ಟೆವು. ಎರಡು ಎಕರೆಯಲ್ಲಿ ಒಂದೂವರೆ ಎಕರೆ ಕೈಗೆ ಬಂತು. ಮೇಲಿನ ಅರ್ಧ ಎಕರೆ ಒಣಗಿತು. ಅಷ್ಟು ಹೊತ್ತಿಗೆ ಹೊಂಡದಲ್ಲಿ ನೀರು ಮುಗಿದಿತ್ತು, ಇಂಜಿನ್ನಿನ ತಪ್ಪೇನೂ ಇರಲಿಲ್ಲ.