ನಕ್ಷೆಯ ಗೆರೆ, ಟಿಕೆಟಿನ ಗಂಟೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟ ವಿಮಾನ ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ ಎಂದು ಚಳಿಗಾಲದ ಟಿಕೆಟ್ ಹೇಳಿದರೆ, ಪ್ರಯಾಣ 16 ಗಂಟೆಯದು. ಟಿಕೆಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರ. ಕ್ಯಾಲಿಫೋರ್ನಿಯ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬರುವಾಗ ಇದೇ ಲೆಕ್ಕ ತಿರುವುಮುರುವು. ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ಮೇಲೆ ಹಾರಿಸಿ ತಂದರು. ಹೊರಟದ್ದು 2021ರ ಜನವರಿ 9ರ ರಾತ್ರಿ, ಇಳಿದದ್ದು 11ರ ನಸುಕಿನಲ್ಲಿ. ಹಾರಾಟ ಮಾತ್ರ 17 ಗಂಟೆಯ ಆಸುಪಾಸು.

ಧ್ರುವದ ಕಡೆಯಿಂದ ಬರುವುದೆಂದರೆ ಸುತ್ತು ದಾರಿ ಎಂಬ ನಂಬಿಕೆ ಇನ್ನೂ ಗಟ್ಟಿ. ತಪ್ಪು ಜನರದಲ್ಲ, ಶಾಲೆಯ ಗೋಡೆಯ ಮೇಲೆ ನಾವೆಲ್ಲ ನೋಡಿದ ಭೂಪಟದ್ದು. ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ನೋಡಲು ನೇರ. ಆದರೆ ಅದನ್ನೇ ಹಿಡಿದರೆ ಸುಮಾರು 20,000 ಕಿ.ಮೀ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಮೇಲಕ್ಕೆ ಸರಿದು ಹಿಮಾಲಯ, ಸೈಬೀರಿಯ, ಅಲಾಸ್ಕದ ಮೇಲೆ ಕೂರುತ್ತದೆ. ಅದು ಸುಮಾರು 14,000 ಕಿ.ಮೀ. ಸಾಕ್ಷಾತ್ ಧ್ರುವದ ನೆತ್ತಿಯ ಮೇಲೆಯೇ ಹಾದುಬಂದರೂ ಹೆಚ್ಚಾಗುವುದು 400 ಕಿ.ಮೀ.ನಷ್ಟೇ. ಎರಡೂ ಊರುಗಳು ಭೂಗೋಳದ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ, ಅದಕ್ಕೆ.

ಹಾಗೆಂದು ವಿಮಾನ ದಾರದ ಗುರುತಿನ ಮೇಲೆಯೇ ಹಾರುವುದೂ ಇಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 10,000 ಅಡಿಗೆ ಇಳಿಸಬೇಕು. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 14,000 ಅಡಿಗೂ ಮೇಲಿದೆ. ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನೂ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗಾಳಿ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಊರೇ ಎದುರು ಬರುತ್ತದೆ ಎನ್ನುವವರಿದ್ದಾರೆ. ಓಡುವ ಬಸ್ಸಿನೊಳಗೆ ನಿಂತಲ್ಲೇ ಜಿಗಿದರೆ ಹಿಂದಿನ ಸೀಟಿನಲ್ಲಿ ಹೋಗಿ ಬೀಳುವುದಿಲ್ಲವಷ್ಟೆ? ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತಿದೆ. ನಿಜಕ್ಕೂ ಲಾಭ ಪೂರ್ವಕ್ಕೆ ಹೋಗುವವರದು. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ಹಾಗಾಗಿ ಬೆಂಗಳೂರಿನಿಂದ ಹೊರಟ ವಿಮಾನ ಪೆಸಿಫಿಕ್ ಮೇಲಿನ ಉದ್ದದ ದಾರಿ ಹಿಡಿದೂ ಬೇಗ ಮುಟ್ಟುವುದುಂಟು. ದೂರವನ್ನು ವೇಗದಿಂದ ಭಾಗಿಸಿ ಸಿಗುವ ಗಂಟೆ ಬರೀ ಅಂದಾಜು.

ಮಗಳ ಬಾಣಂತನಕ್ಕೋ ಮಗನ ಮನೆಗೋ ಹೊರಡುವ ಹಿರಿಯರಿಗೆ ಇದು ಬರೀ ಭೂಗೋಳದ ಪಾಠವಲ್ಲ. ಸಕ್ಕರೆ ಕಾಯಿಲೆಯ ಇನ್ಸುಲಿನ್, ಬಿ.ಪಿ. ಮಾತ್ರೆಗಳಿಗೆ ಲೆಕ್ಕ ಬೇಕಾದದ್ದು ಹಿಂದಿನ ಡೋಸ್ ಆಗಿ ಎಷ್ಟು ಗಂಟೆಯಾಯಿತು ಎಂಬುದು, ತಾರೀಖಲ್ಲ. ಹೊರಡುವ ಮೊದಲೇ ಟಿಕೆಟ್ ಹಿಡಿದು ಡಾಕ್ಟರ ಬಳಿ ಹೋಗಿ, ಯಾವ ಡೋಸ್ ಭಾರತದ ಸಮಯದಲ್ಲಿ ಎಷ್ಟು ಗಂಟೆಗೆ ಎಂದು ಬರೆಸಿಕೊಳ್ಳಿ. ಔಷಧಿ ಕೈಚೀಲದಲ್ಲಿರಲಿ, ವಾಚನ್ನು ಇಳಿಯುವವರೆಗೂ ತಿರುಗಿಸಬೇಡಿ.